ಗಂಜಿ ವಾಸನೆಯ ಬಾವುಟ

ಬಾವುಟವನ್ನು ಕಂಡರೆ ಎಲ್ಲರ ಕೈ ಹಣೆಗೆ ಹೋಗುತ್ತದೆ, ನನ್ನ ಮೂಗು ಮುಂದಕ್ಕೆ ಹೋಗುತ್ತದೆ. ಚಿಕ್ಕಂದಿನಿಂದ ಬಂದ ಚಟ, ಸುಟ್ಟರೂ ಹೋಗದು. ಮೊನ್ನೆ ಆಗಸ್ಟ್ ಹದಿನೈದರ ಹಿಂದಿನ ದಿನ ನವನಗರದ ಪೇಟೆಯಲ್ಲಿ ಮನೆಯ ಮಾಳಿಗೆಗೆಂದು ಒಂದು ಬಾವುಟ ಕೊಳ್ಳಲು ನಿಂತಿದ್ದೆ. ಅಂಗಡಿಯವನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಕೊಟ್ಟದ್ದನ್ನು ಬಿಚ್ಚಿ, ನನಗೇ ಗೊತ್ತಿಲ್ಲದಂತೆ ಮೂಗಿಗೆ ಹಿಡಿದೆ. ಅವನು ನಕ್ಕ. "ಅಕ್ಕಾರ, ಅದೇನು ಮಲ್ಲಿಗಿ ಮಾಲಿ ಏನ್ರಿ? ಮೂಸಿ ತಗೊಳ್ಳಾವ್ರನ್ನ ಇವತ್ತs ನೋಡಿದೆ" ಅಂದ. ನಾನೂ ನಕ್ಕೆ. ಮಿಲ್ಲಿನ ಬಟ್ಟೆ, ನುಣ್ಣಗೆ ಜಾರುತ್ತಿತ್ತು, ಬಣ್ಣ ಕಣ್ಣಿಗೆ ಹೊಡೆಯುತ್ತಿತ್ತು. ವಾಸನೆ ಮಾತ್ರ ಏನೂ ಇರಲಿಲ್ಲ. ಹೆಂಗಸರ ಬಟ್ಟೆ ಹೊಲಿಯುವುದು ನನ್ನ ಕಸುಬು, ದಿನವೂ ಹತ್ತಾರು ಬಗೆಯ ಬಟ್ಟೆ ಕೈಯಲ್ಲಿ ಹಾಯುತ್ತವೆ, ಯಾವುದಕ್ಕೂ ನಾನು ವಾಸನೆ ಹುಡುಕುವುದಿಲ್ಲ. ಬಾವುಟದಲ್ಲಿ ಮಾತ್ರ ಜೋಳದ ಗಂಜಿಯ ವಾಸನೆ ಇರಬೇಕು ಎಂದು ನನ್ನ ಮೂಗು ಇಂದಿಗೂ ಹಟ ಹಿಡಿಯುತ್ತದೆ.

ಆ ವಾಸನೆ ನಮ್ಮ ಹಳೆಯ ಮನೆಯದು. ಆ ಮನೆ ಈಗ ಇಲ್ಲ. ಬಿದ್ದುಹೋಗಿಲ್ಲ, ಮಾರಿಲ್ಲ, ಅಣ್ಣತಮ್ಮಂದಿರು ಹಂಚಿಕೊಂಡಿಲ್ಲ, ನೀರಿನೊಳಗೆ ಇದೆ. ಹಳೆಯ ಬಾಗಲಕೋಟೆಯ ಕೆಳಗಿನ ಓಣಿಯಲ್ಲಿ, ಹೊಳೆಗೆ ಹೋಗುವ ಇಳಿಜಾರಿನಲ್ಲಿ, ಮಣ್ಣಿನ ಮೇಲ್ಮುದ್ದೆಯ ಮಾಳಿಗೆ ಮನೆ. ಒಳಗೆ ಕಾಲಿಟ್ಟರೆ ಬೇಸಿಗೆಯಲ್ಲೂ ತಂಪು. ಪಡಸಾಲೆಯ ಮಾಡಿನಲ್ಲಿ ಒಂದು ಬೆಳಕಿಂಡಿ ಇತ್ತು, ಅದರಿಂದ ಇಳಿದ ಬಿಸಿಲು ನೇರವಾಗಿ ಆಯಿಯ ಮಗ್ಗದ ಮೇಲೆ ಬೀಳುತ್ತಿತ್ತು. ಆಯಿ ಎಂದರೆ ಅಪ್ಪನ ತಾಯಿ. ಅದು ಕುಣಿಮಗ್ಗ. ನೆಲದಲ್ಲಿ ಸೊಂಟದುದ್ದ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಹೊರಗಿನಿಂದ ಬಂದವರಿಗೆ ಆಯಿ ಅರ್ಧ ನೆಲದಲ್ಲಿ ಹೂತುಹೋದ ಹಾಗೆ ಕಾಣುತ್ತಿದ್ದಳು. "ನಿಮ್ಮ ಅತ್ತಿ ನೆಲದಾಗಿಂದ ಬೆಳದಾಳೇನವ್ವಾ?" ಎಂದು ಓಣಿಯ ಹೆಂಗಸರು ನಮ್ಮ ಅವ್ವನನ್ನು ಚೇಷ್ಟೆ ಮಾಡುತ್ತಿದ್ದರು. ಲಾಳಿ ಅತ್ತ ಇತ್ತ ಓಡುವ ಸದ್ದಿನಲ್ಲೇ ನಾನು ನಡೆಯಲು ಕಲಿತೆ, ಆ ಸದ್ದಿನಲ್ಲೇ ಜ್ವರ ಬಂದು ಮಲಗಿದೆ, ಆ ಸದ್ದಿನಲ್ಲೇ ಮಗ್ಗಿ ಬಾಯಿಪಾಠ ಮಾಡಿದೆ.

ಆಯಿಯ ತವರು ಇಳಕಲ್ಲು. ಅಲ್ಲಿ ಅವಳ ತಾಯಿ, ಅವಳ ತಾಯಿಯ ತಾಯಿ ಎಲ್ಲರೂ ಸೀರೆ ನೇಯ್ದವರು. ಆಯಿಯೂ ಮದುವೆಯಾಗಿ ಬಂದ ಮೇಲೆ ಬಹಳ ವರ್ಷ ಕೆಂಪು ಸೆರಗಿನ ಸೀರೆಗಳನ್ನೇ ನೇಯ್ದಳಂತೆ. ಅಜ್ಜ ತೀರಿಕೊಂಡ ಮೇಲೆ ರೇಷ್ಮೆ ತರುವವರು, ಸೀರೆ ಒಯ್ದು ಮಾರುವವರು ಯಾರೂ ಇಲ್ಲದಂತಾಗಿ, ಊರಿನ ಖಾದಿ ಕೇಂದ್ರದವರು ಕೊಡುವ ನೂಲಿಗೆ ಕೈ ಹಾಕಿದಳು. ಅದು ಬಾವುಟದ ಬಟ್ಟೆಯ ನೂಲು. ನೇಯ್ದದ್ದು ಬಿಳಿಯದಾಗಿಯೇ ಹೋಗುತ್ತಿತ್ತು, ಕೇಸರಿ ಹಸಿರು ಎಲ್ಲ ಬೇರೆ ಊರಿನಲ್ಲಿ ಹಾಕುತ್ತಿದ್ದರು. ಕೇಂದ್ರದ ಮಾಸ್ತರರು ಕನ್ನಡಕ ಏರಿಸಿ, ಬಟ್ಟೆಯ ಮೇಲೆ ಸಣ್ಣ ಭೂತಗನ್ನಡಿ ಇಟ್ಟು ಎಳೆ ಎಳೆ ನೋಡಿ ಒಯ್ಯುತ್ತಿದ್ದರು. ಒಂದು ಎಳೆ ದಪ್ಪವಾಗಿರಬಾರದು, ಒಂದು ಕಲೆ ಇರಬಾರದು. ಹಾಗಾಗಿ ನಮಗೆ ಪಡಸಾಲೆಯಲ್ಲಿ ಎಣ್ಣೆಗೈಯಲ್ಲಿ ಓಡಾಡುವಂತಿರಲಿಲ್ಲ, ಕಾಲು ತೊಳೆಯದೆ ಮಗ್ಗದ ಹತ್ತಿರ ಸುಳಿಯುವಂತಿರಲಿಲ್ಲ. ಅದು ಮಡಿಯೋ ಕಲೆಯ ಹೆದರಿಕೆಯೋ ನನಗೆ ಎಂದೂ ತಿಳಿಯಲಿಲ್ಲ. ಇಳಕಲ್ಲಿನ ಬಣ್ಣಗಳನ್ನು ನೋಡಿದ ಕಣ್ಣಿಗೆ ಬರೀ ಬಿಳಿ ಎಂದರೆ ಬೇಸರವೇ. "ಇದೇನು ಸರ್ಕಾರದ ಸೀರಿ, ಸೆರಗೂ ಇಲ್ಲ, ದಡೀನೂ ಇಲ್ಲ" ಎಂದು ಆಯಿ ಗೊಣಗುತ್ತಲೇ ನೇಯುತ್ತಿದ್ದಳು.

ಇದರಿಂದ ನನಗೊಂದು ಫಜೀತಿಯಾಯಿತು. ಸಾಲೆಗೆ ಸೇರಿದ ವರ್ಷ ಪಾಠ ಹೇಳುವ ಬಾಯಾರು ಬಾವುಟದ ಚಿತ್ರ ಬರೆಯಲು ಹೇಳಿದಾಗ ನಾನು ಕೋಲು ಬರೆದು, ಚೌಕ ಬರೆದು, ಬಣ್ಣ ಹಾಕದೆ ಕೊಟ್ಟೆ. ಬಣ್ಣದ ಕಡ್ಡಿ ಇಲ್ಲವೇ ಎಂದು ಕೇಳಿದರು. "ನಮ್ಮ ಮನ್ಯಾಗ ಬಾವುಟ ಬಿಳೇದs ಐತ್ರಿ" ಎಂದೆ. ಬಾಯಾರು ನಕ್ಕು ನಕ್ಕು ಇನ್ನೊಬ್ಬ ಬಾಯಾರನ್ನು ಕರೆದು ತೋರಿಸಿದರು. ನಾನು ಅಳುತ್ತ ಮನೆಗೆ ಬಂದೆ. ಆಯಿ ಲಾಳಿ ನಿಲ್ಲಿಸಿ, ಕುಣಿಯಲ್ಲಿ ಕೂತಲ್ಲಿಂದಲೇ ನನ್ನ ಮೂಗು ಒರೆಸಿ, "ನೀ ಬರದದ್ದು ಖರೆ ಐತಿ. ಅವರು ನೋಡೂದು ಹಾರೂವಾಗ, ನಾವು ನೋಡೂದು ಹುಟ್ಟೂವಾಗ" ಎಂದಳು. ಆಮೇಲೆ ಆಗಸ್ಟ್ ಹದಿನೈದಕ್ಕೆ ಆಯಿ ತಾನೇ ಸಾಲೆಯ ಗೋಡೆಯ ಹೊರಗೆ ಬಂದು ನಿಲ್ಲತೊಡಗಿದಳು. ಎಲ್ಲರೂ ಕೈ ಎತ್ತಿ ವಂದಿಸುತ್ತಿದ್ದರೆ ಇವಳು ಕಣ್ಣು ಕಿರಿದು ಮಾಡಿ ಬಟ್ಟೆಯ ಅಂಚು ನೋಡುತ್ತಿದ್ದಳು. ಮನೆಗೆ ಬಂದು ಅವ್ವನಿಗೆ, "ಅಂಚು ಸೀದಾ ಐತಿ, ನನ್ನ ಕೈದs ಇರಬೇಕು" ಎಂದು ವರದಿ ಒಪ್ಪಿಸುತ್ತಿದ್ದಳು. ಅವಳ ದೇಶ ಬಹಳ ದೊಡ್ಡದೇನಲ್ಲ. ಇಳಕಲ್ಲು, ಬಾಗಲಕೋಟೆ, ನಡುವೆ ಬಸ್ಸು ನಿಲ್ಲುವ ಹುನಗುಂದ, ಹರಕೆ ಹೊತ್ತು ಹೋದ ಬಾದಾಮಿಯ ಬನಶಂಕರಿ. ಅದರಾಚೆ ತನ್ನ ಬಟ್ಟೆ ಹೋಗುತ್ತದೆ ಎನ್ನುವುದಷ್ಟೇ ಗೊತ್ತು.

ಗಂಜಿ ಹಾಕುವ ದಿನವೆಂದರೆ ನಮಗೆ ಹಬ್ಬ. ಬೆಳಗಿನ ತಂಪಿನಲ್ಲಿ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಓಣಿಯ ಉದ್ದಕ್ಕೂ ಎಳೆದು ಕಟ್ಟುತ್ತಿದ್ದರು. ಅವ್ವ ಜೋಳದ ಹಿಟ್ಟಿನ ಗಂಜಿ ಕಾಸಿ ತರುತ್ತಿದ್ದಳು. ಆಯಿ ಒಂದು ಬದಿಗೆ, ಅಪ್ಪ ಇನ್ನೊಂದು ಬದಿಗೆ ನಿಂತು ಕುಂಚದಿಂದ ಎಳೆಗಳನ್ನು ಹಿಕ್ಕುತ್ತ ಸಾಗುತ್ತಿದ್ದರು. ಸೈಕಲ್ಲಿನವರು ಇಳಿದು ಗೋಡೆಗೆ ಅಂಟಿಕೊಂಡು ದಾಟುತ್ತಿದ್ದರು, ಎಮ್ಮೆಗಳನ್ನು ಬೇರೆ ಓಣಿಯಿಂದ ಹೊಡೆದುಕೊಂಡು ಹೋಗುತ್ತಿದ್ದರು. ಯಾರೂ ಬೈಯುತ್ತಿರಲಿಲ್ಲ. ಬಿಸಿಲೇರಿದಂತೆ ಆ ಹುಳಿಹುಳಿ ಬಿಸಿ ವಾಸನೆ ಓಣಿಯ ತುಂಬ ಹರಡಿ, ಹಸಿವಾಗುತ್ತಿತ್ತು.

ಆದರೆ ಆ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಶಾಸ್ತ್ರ ಬೇರೆ ಇತ್ತು. ಮಗ್ಗ ಖಾಲಿಯಾಗಬಾರದು. ಒಂದು ಹಾಸು ಮುಗಿದಾಗ ಬಟ್ಟೆ ಕೊಯ್ದರೂ ಹಣಿಗೆಯಲ್ಲಿ, ಎಂದರೆ ಎಳೆಗಳು ತೂರಿ ಬರುವ ಬಾಚಣಿಕೆಯಂಥ ಚೌಕಟ್ಟಿನಲ್ಲಿ, ಗೇಣುದ್ದ ಹಳೆಯ ಎಳೆಗಳನ್ನು ಉಳಿಸುತ್ತಿದ್ದಳು. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಹಳೆಯ ಒಂದೊಂದು ಎಳೆಗೆ ಗಂಟು ಹಾಕಬೇಕು. ಬೂದಿ ಮುಟ್ಟಿದ ಬೆರಳಿನಲ್ಲಿ ಹೊಸೆದು ಗಂಟು ಬಿಗಿಯುತ್ತ ಆಯಿ, "ಹಳೇದs, ಕೈ ಕೊಡು, ಹೊಸಾದು ಬಂದೈತಿ" ಎಂದು ತನ್ನಷ್ಟಕ್ಕೆ ಅನ್ನುತ್ತಿದ್ದಳು. ಅವಳು ಮದುವೆಯಾಗಿ ಬರುವಾಗ ಅವಳ ತಾಯಿ ತಮ್ಮ ಮಗ್ಗದಿಂದ ಒಂದು ಹಿಡಿ ಎಳೆ ಕೊಟ್ಟು ಕಳಿಸಿದ್ದಳಂತೆ, ಅದನ್ನೇ ಇಲ್ಲಿಯ ಮಗ್ಗಕ್ಕೆ ಮೊದಲು ಕಟ್ಟಿದ್ದು. ಸೀರೆ ಬಿಟ್ಟು ಬಾವುಟಕ್ಕೆ ತಿರುಗಿದಾಗಲೂ ಕೆಂಪು ಎಳೆಗಳ ತುದಿಗೇ ಬಿಳಿಯದನ್ನು ಕಟ್ಟಿದಳು. ಮೊದಲ ಬಟ್ಟೆ ಒಯ್ಯಲು ಬಂದ ಮಾಸ್ತರರು ತುದಿಯಲ್ಲಿ ಕೆಂಪು ಕಂಡು ಹೌಹಾರಿ, ಅಷ್ಟನ್ನು ಕತ್ತರಿಸಿ ಹಾಕಿಸಿದರಂತೆ. ಹಾಗೆ ನೋಡಿದರೆ ನಮ್ಮ ಮಗ್ಗದ ಬಾವುಟದ ಬಟ್ಟೆಗೆ ಇಳಕಲ್ಲಿನ ಒಬ್ಬ ತಾಯಿಯ ಎಳೆ ಬೆನ್ನಿಗಿತ್ತು. ಅದನ್ನು ಕಡಿಯಗೊಡದೆ ಇಡುವುದೇ ಆಯಿಯ ಬದುಕಿನ ಹಟ.

ಹೀಗಿರುವಾಗ ಆಣೆಕಟ್ಟಿನ ನೀರಿನ ಸುದ್ದಿ ಬಂತು. ವರ್ಷಗಟ್ಟಲೆ ಬರೀ ಸುದ್ದಿಯಾಗಿದ್ದದ್ದು ಒಂದು ದಿನ ಗೋಡೆಗಳ ಮೇಲೆ ಕೆಂಪು ಬಣ್ಣದ ಗುರುತಾಯಿತು. ಕೆಳಗಿನ ಓಣಿಗಳು ಮೊದಲು ಏಳಬೇಕು. ಸಾಲೆಯ ಬಯಲಿನಲ್ಲಿ ಸಭೆ ಸೇರಿಸಿ ಒಬ್ಬ ದೊಡ್ಡ ಸಾಹೇಬರು ಮಾತಾಡಿದರು. ಅವರ ಕನ್ನಡ ನಮ್ಮ ಪುಸ್ತಕದ ಕನ್ನಡದ ಹಾಗಿತ್ತು. "ಇದು ದೇಶದ ಕೆಲಸ. ದೇಶಕ್ಕಾಗಿ ನೀವು ಇಷ್ಟು ತ್ಯಾಗ ಮಾಡಲೇಬೇಕು" ಎಂದರು. ಹೆಂಗಸರ ಸಾಲಿನಿಂದ ಆಯಿ ಎದ್ದು ನಿಂತಳು. "ಸಾಹೇಬ್ರ, ದೇಶಕ್ಕ ನಾ ದಿನಾ ಬಟ್ಟಿ ಕೊಡ್ತೇನಿ. ಮನೀನೂ ಕೊಡಬೇಕೇನ್ರಿ?" ಎಂದು ಕೇಳಿದಳು. ಜನ ನಕ್ಕರು. ಸಾಹೇಬರಿಗೆ ಬಟ್ಟೆಯ ಮಾತು ತಿಳಿಯಲಿಲ್ಲ, ಪರಿಹಾರ ಸಿಗುತ್ತದೆ ಎಂದು ಮುಂದುವರಿಸಿದರು. ಆಯಿ ಮನೆಗೆ ಬಂದವಳೇ ಒಂದು ಹಳೆಯ ಸೀರೆಯನ್ನು ಕೊಡವಿ ಮಗ್ಗದ ಮೇಲೆ ಹೊದಿಸಿದಳು. ಅರ್ಧ ನೇಯ್ದ ಬಾವುಟದ ಬಟ್ಟೆ ಅದರಡಿ ಮುಚ್ಚಿಹೋಯಿತು. "ನನ್ನ ನೆಲಾ ಕಸಗೊಳ್ಳೋ ದೇಶಕ್ಕ ನಾ ಒಂದ ಎಳೀನೂ ನೇಯೂದಿಲ್ಲ" ಎಂದಳು.

ಮನೆ ಮೂಕವಾಯಿತು. ಆ ಸದ್ದು ನಿಂತಾಗಲೇ ನನಗೆ ಗೊತ್ತಾದದ್ದು, ಅದು ಇಷ್ಟು ದಿನ ಇತ್ತೆಂದು. ಅವ್ವ ಲಾಳಿಗೆ ನೂಲಿನ ಕಂಡಿಕೆ ಸುತ್ತುವುದನ್ನು ಬಿಟ್ಟಳು. ಅರಳೆ ಗಿರಣಿಯ ಕೆಲಸದಿಂದ ಬಂದ ಅಪ್ಪ ದಿನಕ್ಕೊಂದು ರೀತಿ ಸಮಾಧಾನ ಹೇಳುತ್ತಿದ್ದ. "ಯವ್ವಾ, ಮಗ್ಗದ ಕಟಗಿ ಎಲ್ಲಾ ಬಿಚ್ಚಿ ಒಯ್ಯೂಣು, ಒಂದ ಮೊಳೀನೂ ಬಿಡೂದು ಬ್ಯಾಡ" ಎಂದ. "ಕಟಗಿ ಒಯ್ತಿ. ಕುಣಿ ಹ್ಯಾಂಗ ಒಯ್ತೀಪಾ?" ಎಂದು ಆಯಿ ಕೇಳಿದಳು. ಮನೆ ಮುಳುಗುವವರಿಗೆಂದು ಮಾಡಿದ ಹೊಸ ಊರು ನವನಗರದಲ್ಲಿ ನಮಗೆ ಬಂದ ಜಾಗದಲ್ಲಿ ಕಟ್ಟುತ್ತಿದ್ದ ಮನೆಗೆ ಸಿಮೆಂಟಿನ ನೆಲ ಹಾಕಿಯಾಗಿತ್ತು, ಕೆಳಗೆ ಬರೀ ಕಲ್ಲು. ಖಾದಿ ಕೇಂದ್ರದ ಮಾಸ್ತರರು ಬಂದು ಪಡಸಾಲೆಯ ಕಟ್ಟೆಯ ಮೇಲೆ ಕೂತರು. "ಅವ್ವಾರ, ಒತ್ತಾಯ ಇಲ್ರಿ. ಇದ್ದಷ್ಟು ಕೊಯ್ದು ಕೊಡ್ರಿ, ಉಳದ ನೂಲು ಸುತ್ತಿ ಒಯ್ತೇನಿ" ಎಂದರು. ಹಾಸನ್ನು ನಡುವೆ ಕೊಯ್ದು ನೂಲು ಜಗ್ಗಿ ತೆಗೆದರೆ ಹಣಿಗೆ ಖಾಲಿಯಾಗುತ್ತದೆ, ಇಳಕಲ್ಲಿನಿಂದ ಬಂದ ಸರಣಿ ಅಲ್ಲಿಗೆ ಮುಗಿಯುತ್ತದೆ. ಆಯಿ ಹೊದಿಸಿದ ಸೀರೆಯ ಮೇಲೆ ಕೈಯಿಟ್ಟು, "ಮುಟ್ಟಬ್ಯಾಡ್ರಿ" ಎಂದಳು. ನೇಯುವುದೂ ಇಲ್ಲ, ಕೊಯ್ಯಗೊಡುವುದೂ ಇಲ್ಲ. ನೀರು ಮಾತ್ರ ಹೊಳೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಏರುತ್ತಿತ್ತು.

ಅಂಥ ದಿನಗಳಲ್ಲಿ ಸಣ್ಣಾಯಿ ಬಂದಳು. ಆಯಿಯ ಬೆನ್ನಿಗೆ ಬಿದ್ದ ತಂಗಿ, ಗುಡೂರಿನ ಹತ್ತಿರದ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ಮನೆ ಮುಳುಗುವ ಸುದ್ದಿ ಕೇಳಿ ಅಕ್ಕನನ್ನು ಮಾತಾಡಿಸಲು ಬಸ್ಸು ಬದಲಿಸಿ ಬದಲಿಸಿ ಬಂದಿದ್ದಳು. ಚೀಲದಲ್ಲಿ ಶೇಂಗಾ ಹಿಂಡಿ, ಖಡಕ್ ರೊಟ್ಟಿ. ಬಂದವಳೇ ನಮ್ಮ ಹಿತ್ತಲಿನ ತುಂಬಿದ ಹಂಡೆಯ ಮುಂದೆ ನಿಂತು ಬೊಗಸೆ ಬೊಗಸೆ ನೀರು ಮುಖಕ್ಕೆ ಹಾಕಿಕೊಂಡಳು. ಅವಳು ಬಂದಾಗೆಲ್ಲ ಮಾಡುತ್ತಿದ್ದದ್ದು ಅದನ್ನೇ. ಅವಳ ಊರಿನ ಬಾವಿ ಚಳಿಗಾಲ ಮುಗಿಯುವ ಮುಂಚೆ ಬತ್ತುತ್ತಿತ್ತು, ಗುಡ್ಡದ ಆಚೆಯಿಂದ ಕೊಡ ಹೊತ್ತು ತರಬೇಕಿತ್ತು. ಮಧ್ಯಾಹ್ನ ಊಟವಾದ ಮೇಲೆ ಆಯಿ ತಂಗಿಯನ್ನು ಕೆಳಗೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚತೊಡಗಿದಳು. ಮಗ್ಗ ಮುಚ್ಚಿದ್ದರಿಂದ ಆಗ ಪಡಸಾಲೆಯಲ್ಲಿ ಎಣ್ಣೆಗೆ ಅಡ್ಡಿ ಇರಲಿಲ್ಲ. ನಾನು ಎಣ್ಣೆಯ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಿದ್ದೆ. ಸಣ್ಣಾಯಿಯ ನೆತ್ತಿಯಲ್ಲಿ ಒಂದು ಅಂಗೈಯಗಲ ಕೂದಲೇ ಇರಲಿಲ್ಲ. ಸಿಂಬಿ ಇಟ್ಟು, ಅದರ ಮೇಲೆ ಕೊಡ ಇಟ್ಟು, ಸವೆದು ನುಣ್ಣಗಾಗಿತ್ತು. ಯಾವಾಗಲೂ ಸೆರಗು ಹೊದ್ದಿರುತ್ತಿದ್ದಳಾದ್ದರಿಂದ ನಾನು ಅದನ್ನು ಎಂದೂ ನೋಡಿರಲಿಲ್ಲ.

"ಇಷ್ಟ ಸವದೈತಲ್ಲs" ಎಂದಳು ಆಯಿ.

"ಹೆಣ್ಣಮಕ್ಕಳ ತಲಿ, ಸವೀಬೇಕಲ್ಲ" ಎಂದು ಸಣ್ಣಾಯಿ ನಕ್ಕಳು. ಆಮೇಲೆ ನೆಲ ನೋಡುತ್ತ, ಏನೋ ತಪ್ಪು ಮಾಡಿದವಳ ದನಿಯಲ್ಲಿ, "ಅಕ್ಕಾ, ಈ ನೀರು ನಿಂತ ಮ್ಯಾಲ ನಮ್ಮ ಕಡೆ ಕಾಲುವಿ ಬರತೈತಂತ. ಮಂದಿ ಹಂಗ ಅನ್ನಾಕತ್ತಾರ" ಎಂದಳು.

ಆಯಿಯ ಕೈ ಆ ಬೋಳು ನೆತ್ತಿಯ ಮೇಲೆ ನಿಂತುಬಿಟ್ಟಿತು. ಎಣ್ಣೆ ಸಣ್ಣಾಯಿಯ ಹಣೆಗೆ ಇಳಿಯಿತು, ಇಬ್ಬರೂ ಒರೆಸಲಿಲ್ಲ. ಸಣ್ಣಾಯಿ ಅಳುತ್ತಿದ್ದಾಳೆ ಎಂದು ನನಗೆ ಅವಳ ಬೆನ್ನಿನಿಂದ ತಿಳಿಯಿತು. ಅಕ್ಕನ ಮನೆ ಮುಳುಗಿದರೆ ತನಗೆ ನೀರು, ಇದನ್ನು ಬಯಸಲೂ ಆಗದು, ಬೇಡವೆನ್ನಲೂ ಆಗದು. ಆಯಿ ಎಣ್ಣೆ ತಿಕ್ಕಿದಳು, ಇದ್ದ ಕೂದಲನ್ನೇ ಬಾಚಿ ತುರುಬು ಕಟ್ಟಿದಳು, ಸೆರಗು ತಾನೇ ಎಳೆದು ನೆತ್ತಿ ಮುಚ್ಚಿದಳು. ಸಂಜೆಯ ಬಸ್ಸಿಗೆ ತಂಗಿಯನ್ನು ಕಳಿಸಿ ಬಂದು, ಕೈಯನ್ನು ಸೀಗೆಪುಡಿ ಹಾಕಿ ತೊಳೆದಳು. ಎಣ್ಣೆಯ ಜಿಡ್ಡು ಹೋಯಿತೇ ಎಂದು ಬೆಳಕಿಗೆ ಹಿಡಿದು ನೋಡಿದಳು. ಮತ್ತೆ ತೊಳೆದಳು. ಮಗ್ಗದ ಮೇಲಿನ ಸೀರೆ ತೆಗೆದು ಮಡಚಿಟ್ಟು ಕುಣಿಗಿಳಿದಳು. ಒಲೆಯ ಮುಂದಿದ್ದ ಅವ್ವ ಲಾಳಿಯ ಸದ್ದು ಕೇಳಿ ಕೈಯಲ್ಲಿ ಹಿಟ್ಟು ಹಿಡಿದೇ ಓಡಿ ಬಂದಳು. ಆಯಿ ತಲೆ ಎತ್ತದೆ ಹೇಳಿದಳು: "ದೇಶ ಅಂದ್ರ ನನಗ ಆ ಸಾಹೇಬನ ಮಾರಿ ಕಾಣತಿತ್ತು. ಈಗ ನನ್ನ ತಂಗಿ ನೆತ್ತಿ ಕಾಣತೈತಿ. ಕಂಡಿಕಿ ಸುತ್ತು ಹೋಗು."

ಆಮೇಲಿನದು ಅವಸರದ ನೇಯ್ಗೆಯಲ್ಲ. ಓಣಿ ಖಾಲಿಯಾಗುತ್ತಿತ್ತು, ಜನ ಬಾಗಿಲು, ತೊಲೆ, ಜಂತಿ ಕಿತ್ತು ಟ್ರ್ಯಾಕ್ಟರಿಗೆ ಹೇರುತ್ತಿದ್ದರು, ನಮ್ಮ ಅಕ್ಕಪಕ್ಕದ ಮನೆಗಳು ಹಲ್ಲು ಕಿತ್ತ ಬಾಯಿಯ ಹಾಗೆ ತೆರೆದು ನಿಂತಿದ್ದವು. ಏಳಿಸಲು ಬಂದ ಕಂದಾಯದ ತಲಾಠಿಗೆ ಅಪ್ಪ, "ಬಾವುಟದ ಬಟ್ಟಿ ಮಗ್ಗದ ಮ್ಯಾಲ ಐತ್ರಿ, ಅದೊಂದು ಇಳೀಲಿ" ಎಂದ. ಆ ಮನುಷ್ಯ ಹೊಸ್ತಿಲಲ್ಲಿ ನಿಂತು ನೋಡಿ, ನಮ್ಮ ಮನೆಯನ್ನು ಕೊನೆಗೆ ಬರೆದುಕೊಳ್ಳುತ್ತೇನೆ ಎಂದು ಹೋದ. ನಮ್ಮ ತೊಲೆಗಳನ್ನು ಕೀಳಲು ಅಪ್ಪ ಹಣಿಗೆಯ ಸದ್ದು ನಿಲ್ಲುವವರೆಗೆ ಕಾದ. ಕೊನೆಗೆ ಬಟ್ಟೆ ಕೊಯ್ದ ದಿನ ಮಾಸ್ತರರು ಭೂತಗನ್ನಡಿ ತಂದಿದ್ದರೂ ಜೇಬಿನಿಂದ ತೆಗೆಯಲಿಲ್ಲ. ಆಯಿಯೇ ಬಿಡಲಿಲ್ಲ, "ನೋಡ್ರಿ, ನೋಡಿ ಒಯ್ರಿ" ಎಂದು ಕೂರಿಸಿ ನೋಡಿಸಿದಳು. "ಇದು ಎಲ್ಲೆ ಹಾರತೈತ್ರಿ?" ಎಂದು ಮೊದಲ ಸಲ ಕೇಳಿದಳು. "ಯಾರಿಗ್ಗೊತ್ರಿ ಅವ್ವಾರ" ಎಂದರು ಮಾಸ್ತರರು. ಟ್ರ್ಯಾಕ್ಟರಿನಲ್ಲಿ ನವನಗರಕ್ಕೆ ಹೋಗುವಾಗ ಆಯಿ ಹಣಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಗೇಣುದ್ದ ಬಿಳಿಯ ಎಳೆಗಳು ಗಾಳಿಗೆ ಹಾರದ ಹಾಗೆ ಸೆರಗಿನಲ್ಲಿ ಸುತ್ತಿದ್ದಳು.

ಹೊಸ ಮನೆಯಲ್ಲಿ ಮಗ್ಗ ಏಳಲಿಲ್ಲ. ಹಣಿಗೆ ಗೋಡೆಯ ಮೊಳೆಯಲ್ಲಿ ಕೂತಿತು. ಅಲ್ಲಿಯ ಮೊದಲ ಆಗಸ್ಟ್ ಹದಿನೈದರ ಸಂಜೆ ನನ್ನ ಸಾಲೆಯಲ್ಲಿ ಬಾವುಟ ಇಳಿಸುವ ಹೊತ್ತಿಗೆ ಆಯಿ ಬಂದು, ಮಡಚುವ ಮುಂಚೆ ಒಮ್ಮೆ ಕೈಗೆ ಕೊಡಿರೆಂದು ಹೆಡ್‌ಮಾಸ್ತರರನ್ನು ಬೇಡಿದಳು. ಎರಡೂ ಅಂಗೈ ಚಾಚಿ ಇಸಿದುಕೊಂಡು, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿದಳು. "ನಮ್ಮದs ಐತಿ. ಗಂಜಿ ವಾಸನಿ ಬರತೈತಿ" ಎಂದು ನನ್ನ ಮೂಗಿಗೂ ಹಿಡಿದಳು. ನನಗೂ ಬಂತು. ಮೂವತ್ತು ದಾಟಿ, ನಾನೇ ಬಟ್ಟೆಯ ಕಸುಬಿಗೆ ಬಿದ್ದ ಮೇಲೆ ತಿಳಿಯಿತು, ಬೇಯಿಸಿ ತೊಳೆದು ಬಣ್ಣ ಕುಡಿಸಿದ ಬಟ್ಟೆಯಲ್ಲಿ ಗಂಜಿಯ ವಾಸನೆ ಉಳಿಯುವುದು ಸಾಧ್ಯವೇ ಇಲ್ಲ. ನೇಕಾರರ ಮಗಳಾದ ಆಯಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವಳಿಗೆ ಆ ವಾಸನೆ ಬಂತು. ಅಷ್ಟು ಕಳೆದುಕೊಂಡ ಮೇಲೆ ಅವಳು ಆ ಬಟ್ಟೆಯನ್ನು ಬೇರೆಯವರದು ಅನ್ನಲು ಒಪ್ಪಲಿಲ್ಲ. ನನ್ನ ದೇಶಭಕ್ತಿ ಎಂದು ಏನಾದರೂ ಇದ್ದರೆ ಅದು ಆ ಸಂಜೆ ನನಗೆ ಅಂಟಿದ್ದು, ಮೂಗಿನಿಂದ.

ಆಯಿ ಹೋದಳು, ಸಣ್ಣಾಯಿಯೂ ಹೋದಳು. ಸಣ್ಣಾಯಿಯ ಊರಿಗೆ ನೀರು ಬಂತು, ಆದರೆ ಅವಳ ಕಾಲಕ್ಕಲ್ಲ. ಅವಳ ಮೊಮ್ಮಗಳು ಬ್ಲೌಸು ಹೊಲಿಸಲು ನನ್ನ ಹತ್ತಿರವೇ ಬರುತ್ತಾಳೆ. ಅಳತೆ ತೆಗೆಯುವಾಗ ನನ್ನ ಕಣ್ಣು ಅವಳ ಭುಜಕ್ಕಿಂತ ಮುಂಚೆ ನೆತ್ತಿಗೆ ಹೋಗುತ್ತದೆ. ತುಂಬ ಕೂದಲು, ಎರಡು ಜಡೆಗೆ ಸಾಕಾಗುವಷ್ಟು. ಅವಳಿಗೆ ಸಿಂಬಿ ಕಟ್ಟಲು ಬರುವುದಿಲ್ಲ. ಒಮ್ಮೆ ಕಡು ಬೇಸಿಗೆಯಲ್ಲಿ ಹಿನ್ನೀರು ಬಹಳ ಕೆಳಗಿಳಿದಾಗ ನಾನು ಹಳೆಯ ಓಣಿಯ ಕಡೆಗೆ ಇಳಿದು ಹೋಗಿದ್ದೆ. ಗೋಡೆಗಳ ಬುಡ ಒಂದಿಷ್ಟು ಉಳಿದಿದ್ದವು. ನಮ್ಮ ಪಡಸಾಲೆ ಇದ್ದಲ್ಲಿ ಒಂದು ತಗ್ಗು, ಅದರ ತುಂಬ ತಿಳಿ ನೀರು. ಅದೇ ಕುಣಿಯೋ ಬೇರೆ ಗುಂಡಿಯೋ ಹೇಳಲಾರೆ. ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟೆ, ಸೊಂಟದವರೆಗೆ ತಂಪಾಯಿತು. ಅಲ್ಲಿಯೇ ಬಹಳ ಹೊತ್ತು ಅತ್ತೆ.

ಮೊನ್ನೆ ಆ ವಾಸನೆಯಿಲ್ಲದ ಬಾವುಟವನ್ನು ಕೊಂಡು ತಂದೆ. ವಾಸನೆ ಇಲ್ಲವೆಂದು ಬೇಡವೆನ್ನಲು ಮನಸ್ಸಾಗಲಿಲ್ಲ, ಅದೂ ಎಲ್ಲೋ ಯಾರೋ ನಿಂತು ಮಾಡಿದ್ದೇ ಇರಬೇಕು. ಬೆಳಿಗ್ಗೆ ಸ್ನಾನ ಮಾಡಿ, ಮೊಳೆಯಿಂದ ಆಯಿಯ ಹಣಿಗೆ ಇಳಿಸಿದೆ. ಎಳೆಗಳು ಹಳದಿಗೆ ತಿರುಗಿವೆ, ಆದರೆ ಒಂದೂ ಜಾರಿಲ್ಲ. ಒಂದು ಎಳೆಯನ್ನು ಮೆಲ್ಲಗೆ ಬಿಡಿಸಿಕೊಂಡು ಮಾಳಿಗೆ ಹತ್ತಿ, ಬೆರಳಿಗೆ ಒಲೆಯ ಬೂದಿಯ ಬದಲು ವಿಭೂತಿ ಮುಟ್ಟಿಸಿ, ಬಾವುಟ ಏರಿಸುವ ಹಗ್ಗದ ತುದಿಗೆ ಹೊಸೆದು ಗಂಟು ಹಾಕಿದೆ. ಗೇಣುದ್ದದ ಎಳೆ, ಕೆಳಗಿನಿಂದ ನೋಡಿದರೆ ಯಾರಿಗೂ ಕಾಣದು. ಗಂಟು ಬಿಗಿಯುವಾಗ ಬಾಯಿ ತಾನಾಗಿ ಅಂದಿತು: "ಹಳೇದs, ಕೈ ಕೊಡು, ಹೊಸಾದು ಬಂದೈತಿ." ಹಗ್ಗ ಜಗ್ಗಿದೆ. ಹಿನ್ನೀರಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ಬಾವುಟ ಬಿಚ್ಚಿಕೊಂಡಾಗ ಎಲ್ಲರ ಹಾಗೆ ಕೈ ಹಣೆಗೆ ಒಯ್ಯುವ ಮುಂಚೆ, ಆಯಿಯ ಹಾಗೆ ಕಣ್ಣು ಕಿರಿದು ಮಾಡಿ ಅಂಚು ನೋಡಿದೆ. ಸೀದಾ ಇತ್ತು.